ಅದೇ ಮೀನು

ಪಂಪಿನ ಗುರುಗುರು ನಿಂತದ್ದು ಅಡುಗೆಮನೆಯಲ್ಲಿದ್ದ ಮಗಳಿಗೆ ತಿಳಿಯಿತು. ಮುಂದಿನ ಕೋಣೆಯಲ್ಲಿ ಹದಿನೈದು ಜನ ಮಾತಾಡುತ್ತಿದ್ದರು, ಆದರೂ ತಿಳಿಯಿತು. ತೊಳೆಯುತ್ತಿದ್ದ ಲೋಟವನ್ನು ಸಿಂಕಿನಲ್ಲೇ ಬಿಟ್ಟು, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಪ್ಲಗ್ ಯಾರು ಕಿತ್ತಿದ್ದು?”

“ನಾನೇ,” ಎಂದರು ಚಿಕ್ಕಪ್ಪ. ಅವರ ಒಂದು ಕೈಯಲ್ಲಿ ಮೀನಿನ ಟ್ಯಾಂಕಿನ ವೈರು, ಇನ್ನೊಂದರಲ್ಲಿ ಅವಳ ಅಪ್ಪನ ದೇಹವನ್ನು ಮಲಗಿಸಿದ್ದ ಶೀತಪೆಟ್ಟಿಗೆಯ ವೈರು. “ಈ ಗೋಡೆಗೆ ಇರೋದೇ ಒಂದು ಪಾಯಿಂಟು. ಅಣ್ಣನಿಗೆ ತಂಪು ಬೇಕೋ, ಮೀನಿಗೆ ಗಾಳಿ ಬೇಕೋ, ನೀನೇ ಹೇಳಮ್ಮ.”

“ಎರಡೂ ಬೇಕು.”

“ಎರಡೂ ಅಂದ್ರೆ ಹೇಗೆ?”

“ಮೀನು ಹೋದ್ರೆ ಇನ್ನೊಂದು ತಂದ್ರಾಯ್ತು ಬಿಡಿ,” ಎಂದರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದ ಪಕ್ಕದ ಮನೆಯವರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಮಗಳಿಗೆ ನಗು ಬಂದಂತಾಗಿ, ವೈರು ನೋಡುವ ನೆವದಲ್ಲಿ ಬಗ್ಗಿ ಮುಖ ಮರೆಸಿಕೊಂಡಳು. ಈ ಮನೆಯಲ್ಲಿ ಮೂವತ್ತು ವರ್ಷ ಒಲೆ ಉರಿದದ್ದೇ ಆ ಮಾತಿನ ಮೇಲೆ.

ಮಲಗುವ ಕೋಣೆಯಿಂದ ಎಕ್ಸ್‌ಟೆನ್ಷನ್ ಬೋರ್ಡ್ ತಂದು, ಮಂಡಿಯೂರಿ, ಎರಡೂ ಪ್ಲಗ್ಗುಗಳನ್ನು ಅದಕ್ಕೆ ಸಿಕ್ಕಿಸಿದಳು. ಎರಡು ಗಾಜಿನ ಪೆಟ್ಟಿಗೆಗಳೂ ಒಟ್ಟಿಗೆ ಗುನುಗತೊಡಗಿದವು. ಒಂದರಲ್ಲಿ ಅಪ್ಪ. ಯಾರೋ ಅವರ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿದ್ದರು. ಅವಳು ಅಪ್ಪನನ್ನು ಹಾಗೆ ನೋಡಿದ್ದೇ ಇಲ್ಲ. ಮೊಣಕೈ ಮೇಲಕ್ಕೆ ಮಡಿಸಿದ ತೋಳು, ಉಪ್ಪುನೀರಿಗೆ ಬಿರಿದ ಬೆರಳು, ಅಷ್ಟೇ ಅವಳ ನೆನಪಿನಲ್ಲಿದ್ದುದು. ಇನ್ನೊಂದರಲ್ಲಿ ಮೀನು. ಊಟದ ತಟ್ಟೆಯಷ್ಟು ಅಗಲ. ನೀಲಿ ಮೈ, ತಲೆಯ ಹಿಂದಿನಿಂದ ಬಾಲದವರೆಗೆ ಹಳದಿ ಗೆರೆಗಳು, ಕಣ್ಣಿಗೆ ಅಡ್ಡಲಾಗಿ ಕಳ್ಳ ಕಟ್ಟಿಕೊಂಡಂಥ ಕಪ್ಪು ಪಟ್ಟಿ. ವಯಸ್ಸಾಗಿ ನೀಲಿ ಮಾಸಿತ್ತು. ಹಣೆಯ ಬದಿಯಲ್ಲಿ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ಗುಳಿಗಳು ಬಿದ್ದಿದ್ದವು.

“ಇದನ್ನೇನು ಮಾಡ್ತೀಯೆ ಪುಟ್ಟಿ?” ಅತ್ತೆ ಕೇಳಿದರು. ಅಪ್ಪನ ಅಕ್ಕ, ಅಳುವುದು ಮುಗಿದು ಈಗ ಮನೆಯ ಲೆಕ್ಕಾಚಾರಕ್ಕೆ ಇಳಿದಿದ್ದರು.

“ನಾಲ್ಕು ಗಂಟೆಗೆ ಉಪ್ಪಣ್ಣ ಬರ್ತಾರೆ. ತಗೊಂಡು ಹೋಗ್ತಾರೆ.”

“ಇವತ್ತೇನಾ?”

“ನಾಳೆ ಸಂಜೆ ನಾನು ಹೊರಡ್ಬೇಕು ಅತ್ತೆ. ಇದಕ್ಕೆ ದಿನಾ ಊಟ, ವಾರಕ್ಕೊಂದು ಸಲ ನೀರು. ಯಾರು ನೋಡ್ತಾರೆ?”

“ಅಪ್ಪನ ಮೀನು ಅಂತ...”

“ಅಪ್ಪ ತಂದ ಮೀನು,” ಎಂದಳು ಮಗಳು. ಎರಡಕ್ಕೂ ಇರುವ ವ್ಯತ್ಯಾಸ ಅತ್ತೆಗೆ ಗೊತ್ತಿತ್ತು.

*

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಶನಿವಾರಗಳಲ್ಲಿ ಅಪ್ಪನ ಸ್ಕೂಟರಿನ ಹಿಂದೆ ಕೂತು ಅವರ ಕೆಲಸಕ್ಕೆ ಹೋಗುತ್ತಿದ್ದಳು. ಮನೆಮನೆಗೆ ಹೋಗಿ ಟ್ಯಾಂಕು ತೊಳೆಯುವುದು, ನೀರು ಬದಲಾಯಿಸುವುದು, ಮೀನುಗಳ ಆರೋಗ್ಯ ನೋಡುವುದು. ಆ ಮನೆಗಳ ಮಕ್ಕಳೆಲ್ಲ ಅವರನ್ನು ‘ಮೀನ್ ಮಾಮ’ ಎನ್ನುತ್ತಿದ್ದರು. ತನ್ನ ಅಪ್ಪ ಇಷ್ಟು ಜನಕ್ಕೆ ಮಾಮನಾದದ್ದು ಹೇಗೆಂದು ಅವಳು ಲೆಕ್ಕ ಹಾಕುತ್ತಿದ್ದಳು.

ಅಂಥ ಒಂದು ಶನಿವಾರ, ಮೂರನೇ ಮಹಡಿಯ ಒಂದು ಮನೆಯಲ್ಲಿ, ಮನೆಯೊಡತಿ ಒಳಗೆ ಹೋದ ಕ್ಷಣದಲ್ಲಿ ಅಪ್ಪ ಟ್ಯಾಂಕಿನ ಮೂಲೆಯಿಂದ ಏನನ್ನೋ ಎತ್ತಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟರು. ಅಗಲ ಬಾಯಿಯ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಅಂಥದ್ದೇ ಒಂದು ಕಿತ್ತಳೆ ಬಣ್ಣದ ಮೀನನ್ನು ನೀರಿಗೆ ಜಾರಿಸಿದರು. ಮಾತಿಲ್ಲ, ಅವಸರವಿಲ್ಲ.

ಮೆಟ್ಟಿಲಿಳಿಯುವಾಗ ಅವಳು ಅಂದಳು: “ಅಪ್ಪ, ಅದು ಬೇರೆ ಮೀನು.”

“ಶ್. ಮೆಲ್ಲಗೆ.”

“ಅವರ ಮೀನು ಸತ್ತಿದೆ ಅಂತ ಹೇಳ್ಲಿಲ್ಲ ನೀನು.”

“ಆ ಮಗೂಗೆ ಸೋಮವಾರ ಪರೀಕ್ಷೆ ಕಣೆ.”

“ಅದು ಸುಳ್ಳಲ್ವಾ?”

ಅಪ್ಪ ಒಂದು ಮೆಟ್ಟಿಲ ಮೇಲೆ ನಿಂತು, ನಿಜವಾಗಿಯೂ ಯೋಚಿಸಿದರು. “ಸುಳ್ಳಲ್ಲ. ಸರ್ವಿಸ್.”

ಅದಕ್ಕೊಂದು ಪುಸ್ತಕವೂ ಇತ್ತು. ಯಾವ ಮನೆಯ ಮೀನು ಎಷ್ಟು ಉದ್ದ, ಬಿಳಿ ಪಟ್ಟೆ ಎಲ್ಲಿ ಅಗಲ, ಯಾವ ರೆಕ್ಕೆಯ ತುದಿ ಹರಿದಿದೆ, ಎಲ್ಲವನ್ನೂ ಗಾಜಿನ ಮೇಲೆ ಪಾರದರ್ಶಕ ಹಾಳೆಯಿಟ್ಟು ಪೆನ್ನಿನಿಂದ ಗೆರೆ ಎಳೆದುಕೊಂಡು ಅದರಲ್ಲಿ ಇಡುತ್ತಿದ್ದರು. ಮೀನು ಸತ್ತರೆ ಹಾಳೆ ಹಿಡಿದುಕೊಂಡು ಉಪ್ಪಣ್ಣನ ಅಂಗಡಿಗೆ ಹೋಗಿ, ಅಂಥದ್ದೇ ಸಿಗುವವರೆಗೆ ಹುಡುಕುವುದು. ಉಪ್ಪಣ್ಣ ಎಂದರೆ ಕಡಲ ಮೀನು ಮಾರುವವರು. ಟ್ಯಾಂಕಿಗೆ ಹಾಕುವ ಉಪ್ಪಿನ ಮೂಟೆಗಳ ನಡುವೆಯೇ ಅವರ ಕುರ್ಚಿ, ಹಾಗಾಗಿ ಆ ಹೆಸರು. ಹಾಳೆಯಿಟ್ಟು ಗೆರೆ ಎಳೆಯುವುದನ್ನು ಅಪ್ಪನಿಗೆ ಕಲಿಸಿದ್ದು ಅಮ್ಮ. ಅಮ್ಮ ಭೂಮಾಪನ ಕಚೇರಿಯಲ್ಲಿ ನಕ್ಷೆಗಳ ನಕಲು ತೆಗೆಯುವ ಟ್ರೇಸರ್. ಅಳತೆಗೋಲಿಲ್ಲದೆ ಎಳೆದರೂ ಅವಳ ಗೆರೆ ಕೂದಲೆಳೆಯಷ್ಟು ಅಲುಗುತ್ತಿರಲಿಲ್ಲ.

ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ಅಪ್ಪ ಫ್ಲಾಸ್ಕು ತಂದು ಮೇಜಿನ ಮೇಲಿಟ್ಟರು. ಒಳಗೆ ಎರಡು ಬೆರಳಗಲದ ಮೀನು. ಕಪ್ಪೆನ್ನಬಹುದಾದ ನೀಲಿ, ಅದರ ಮೇಲೆ ಒಂದರೊಳಗೊಂದು ಬಿಳಿ ಸುತ್ತುಗಳು. ಯಾರೋ ನೀರಿಗೆ ಕಲ್ಲೆಸೆದು ಅಲೆ ಹರಡುವಷ್ಟರಲ್ಲಿ ಹಾಗೇ ನಿಲ್ಲಿಸಿದಂತೆ. ಬಾಲದ ಹತ್ತಿರದ ಒಂದು ಸುತ್ತು ಮಾತ್ರ ಪೂರ್ತಿ ಕೂಡಿರಲಿಲ್ಲ. ಒಂದು ಕಡೆ ಒಡೆದಿತ್ತು.

“ಬಳೆ,” ಎಂದಳು ಅವಳು. ಅದೇ ಹೆಸರಾಯಿತು. ಆಮೇಲೆ ಬೆರಳೆತ್ತಿ ಹೇಳಿದಳು: “ಇದನ್ನ ಬದಲಾಯಿಸ್ಬಾರದು.”

“ಇಲ್ಲ.”

“ಸತ್ತರೆ ಸತ್ತಿದೆ ಅಂತ ನಂಗೆ ಹೇಳ್ಬೇಕು.”

“ಹೇಳ್ತೀನಿ.”

“ಪರೀಕ್ಷೆ ಇದ್ರೂ?”

“ಪರೀಕ್ಷೆ ಇದ್ರೂ,” ಎಂದರು ಅಪ್ಪ. ಅಮ್ಮ ನಗುತ್ತ, “ನಾನು ಸಾಕ್ಷಿ,” ಎಂದಳು.

*

ಹತ್ತೂವರೆಗೆ ಟೀಚರಮ್ಮ ಬಂದರು. ನಿವೃತ್ತರಾಗಿ ಬಹಳ ವರ್ಷವಾದ ಶಾಲಾ ಶಿಕ್ಷಕಿ, ಕೈಯಲ್ಲಿ ಕೋಲು. ಅಪ್ಪ ಹೋದದ್ದು ಅವರ ಮನೆಯಲ್ಲೇ, ನಿನ್ನೆ ಬೆಳಗ್ಗೆ, ಅವರ ಟ್ಯಾಂಕಿನ ಮುಂದೆ. ಶೀತಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಮಗಳ ಪಕ್ಕದ ಕುರ್ಚಿಯಲ್ಲಿ ಕೂತರು.

“‘ಟೀಚರಮ್ಮ, ಒಂದೈದು ನಿಮಿಷ ಕೂತ್ಕೊಳ್ತೀನಿ’ ಅಂದ್ರು. ಇಪ್ಪತ್ತು ವರ್ಷದಲ್ಲಿ ನಮ್ಮನೇಲಿ ಒಂದು ದಿನ ಕೂತವರಲ್ಲ. ನಂಗೆ ಆಗಲೇ ಅನುಮಾನ ಬರ್ಬೇಕಿತ್ತು.”

“ನೀವೇನು ಮಾಡೋಕಾಗ್ತಿತ್ತು ಟೀಚರಮ್ಮ.”

“ಟ್ಯಾಂಕಿನ ನೀರು ಅರ್ಧ ತೆಗೆದಿದ್ರು. ಅಂಬುಲೆನ್ಸ್ ಬರೋವರೆಗೂ ಏನು ಮಾಡ್ಬೇಕು ಗೊತ್ತಾಗ್ಲಿಲ್ಲ. ಉಳಿದರ್ಧ ನಾನೇ ಮಗ್ಗಿನಲ್ಲಿ ತುಂಬಿಸ್ದೆ. ನೋಡು, ಎಂಥಾ ಹುಚ್ಚು.” ಕೋಲಿನ ಹಿಡಿಯನ್ನು ಅಂಗೈಯಲ್ಲಿ ಉಜ್ಜಿದರು. “ನನ್ನ ಕಿತ್ತಳೆ ಜೋಡಿ ನೆನಪಿದೆಯಾ ನಿಂಗೆ? ಚಿಕ್ಕೋಳಿದ್ದಾಗ ಬರ್ತಿದ್ದೆಯಲ್ಲ.”

“ನೆನಪಿದೆ.”

“ಇಪ್ಪತ್ತು ವರ್ಷದಿಂದ ಅದೇ ಜೋಡಿ. ನಾಲ್ಕು ಸಲ ಬದಲಾಯಿಸಿದ್ದಾರೆ.”

ಮಗಳು ತಟ್ಟನೆ ಅವರ ಕಡೆ ತಿರುಗಿದಳು. “ನಿಮಗೆ ಗೊತ್ತಿತ್ತಾ?”

“ಮೂವತ್ತೈದು ವರ್ಷ ಮಕ್ಕಳ ಕಾಪಿ ಹಿಡಿದವಳಮ್ಮ ನಾನು. ಇದು ಗೊತ್ತಾಗಲ್ವಾ?”

“ಮತ್ತೆ ಯಾಕೆ ಕೇಳ್ಲಿಲ್ಲ?”

“ಅಷ್ಟು ಕಷ್ಟಪಟ್ಟು ಹುಡುಕಿ ತಂದಿರ್ತಿದ್ರು. ಬೇಜಾರು ಮಾಡ್ಕೊಂಡಾರು ಅಂತ ಸುಮ್ಮನಿದ್ದೆ.” ಅವರು ಟ್ಯಾಂಕಿನ ಕಡೆ ನೋಡಿದರು. “ಒಂದು ಸಲ ಮಾತ್ರ ಬಾಯಿ ತಡೀಲಿಲ್ಲ. ‘ನಿಮ್ಮ ಮನೇಲೂ ಹೀಗೇನಾ’ ಅಂದುಬಿಟ್ಟೆ. ಮುಖ ಕೆಂಪಗಾಯ್ತು. ‘ನಮ್ಮನೇಲಿ ಬದಲಾಯಿಸದೇ ಇರೋದು ಒಂದಿದೆ ಟೀಚರಮ್ಮ, ಅದೊಂದನ್ನೇ ನಂಬಲ್ಲ’ ಅಂದ್ರು. ಯಾರು ನಂಬಲ್ಲ ಅಂತ ನಾನು ಕೆದಕಲಿಲ್ಲ.”

ಅದನ್ನೂ ಅಪ್ಪ ಎಷ್ಟು ಮನೆಗಳಲ್ಲಿ ಹೇಳಿದ್ದರೋ ಎಂದುಕೊಂಡಳು. ಹಾಗೆಂದುಕೊಂಡದ್ದಕ್ಕೆ, ಎದುರಿಗೆ ಗಾಜಿನೊಳಗೆ ಅವರು ಮಲಗಿರುವಾಗಲೂ ಹಾಗೇ ಅನಿಸಿದ್ದಕ್ಕೆ, ಆಯಾಸವಾಯಿತು. ಅನುಮಾನವೆಂಬುದು ಕೂಡ ಒಂದು ಹೊರೆ. ಇಳಿಸಿ ಎಲ್ಲಿಡುವುದೆಂದು ಅವಳಿಗೆ ಗೊತ್ತಿರಲಿಲ್ಲ.

*

ಬಳೆ ಬಂದ ಐದನೇ ತಿಂಗಳಿಗೆ ಅಮ್ಮ ಹಾಸಿಗೆ ಹಿಡಿದಳು. ಮಂಚವನ್ನು ಮುಂದಿನ ಕೋಣೆಗೆ, ಟ್ಯಾಂಕಿನ ಎದುರಿಗೇ, ಗಾಜು ಕೈಗೆಟುಕುವಂತೆ ತಂದು ಹಾಕಿದರು. ಹುಡುಗಿಯನ್ನು ಸ್ವಲ್ಪ ದಿನಕ್ಕೆಂದು ಅತ್ತೆಯ ಮನೆಗೆ ಕಳಿಸಿದರು. ಸ್ವಲ್ಪ ದಿನ ಹದಿನಾಲ್ಕು ತಿಂಗಳಾಯಿತು.

ಪ್ರತಿ ಭಾನುವಾರ ಸಂಜೆ ಅಪ್ಪನ ಫೋನು. “ಅಮ್ಮ ಹೇಗಿದ್ದಾಳೆ?” “ಚೇತರಿಸ್ಕೊಳ್ತಿದ್ದಾಳೆ.” “ಬಳೆ?” “ದೊಡ್ಡದಾಗ್ತಿದೆ. ಬಂದು ನೋಡಿದ್ರೆ ಗುರುತೇ ಹಿಡಿಯಲ್ಲ ನೀನು.” ಒಂದು ಭಾನುವಾರ, “ಅಮ್ಮ ಇವತ್ತು ಎದ್ದು ನಾಲ್ಕು ಹೆಜ್ಜೆ ನಡೆದಳು,” ಎಂದರು. ಅವಳು ಆ ದಿನಕ್ಕೆ ಶಾಲೆಯ ಡೈರಿಯಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿಟ್ಟುಕೊಂಡಳು.

ಅವಳನ್ನು ಮನೆಗೆ ಕರೆತಂದಾಗ ಮಂಚವಿರಲಿಲ್ಲ. ಎಲ್ಲ ಮುಗಿದು ಆರು ದಿನವಾಗಿತ್ತು. ವಾರ್ಷಿಕ ಪರೀಕ್ಷೆ ಮುಗಿಯಲಿ ಎಂದು ಕಾದಿದ್ದರು.

ಅವಳು ಅಳಲಿಲ್ಲ. ಮಂಚವಿದ್ದ ಜಾಗದಲ್ಲಿ ನಿಂತು ಟ್ಯಾಂಕನ್ನು ನೋಡಿದಳು. ಒಳಗೆ ಅವಳೆಂದೂ ಕಾಣದ ಮೀನು. ಸುತ್ತುಗಳಿಲ್ಲ, ಬಿಳಿ ಇಲ್ಲ. ಅಂಗೈಯಗಲದ ಮೈಮೇಲೆ ಹಳದಿ ಗೆರೆಗಳು, ಮುಖಕ್ಕೊಂದು ಕಪ್ಪು ಪಟ್ಟಿ.

“ಬಳೆ ಎಲ್ಲಿ?”

“ಇದೇ ಕಣೆ ಬಳೆ. ಈ ಜಾತಿ ಹಾಗೇ, ದೊಡ್ಡದಾದ ಹಾಗೆ ಬಣ್ಣ...”

“ಸುಳ್ಳು.”

“ಇಲ್ಲ ಪುಟ್ಟಿ. ಅದೇ ಮೀನು.”

“ಸತ್ತರೆ ಹೇಳ್ತೀನಿ ಅಂದಿದ್ದೆ ನೀನು.”

ಯಾವುದರ ಬಗ್ಗೆ ಕೇಳುತ್ತಿದ್ದಾಳೆಂದು ಅಪ್ಪನಿಗೂ ತಿಳಿಯಲಿಲ್ಲವೇನೋ. ಟ್ಯಾಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದರು. ಒಳಗೆ ಕೈ ಹಾಕಿ ಏನನ್ನೋ ಹಿಡಿದರು. ಹಿಡಿದ ಕೈ ಅಲ್ಲೇ ನಿಂತಿತು. ಆಮೇಲೆ ಬರಿಗೈಯನ್ನು ಹೊರಗೆ ತೆಗೆದು ಬಾಗಿಲು ಹಾಕಿದರು.

ತೋರಿಸಲು ಏನೂ ಇಲ್ಲ ಎಂದು ಹನ್ನೊಂದು ವರ್ಷದ ಹುಡುಗಿ ತೀರ್ಮಾನಿಸಿದಳು.

ಮುಂದೆ ಕಾಲೇಜಿನಲ್ಲಿದ್ದಾಗ, ಆ ಜಾತಿಯ ಮೀನು ಮರಿಯಿದ್ದಾಗ ಒಂದು ಬಣ್ಣ, ಬೆಳೆದಾಗ ಇನ್ನೊಂದು ಎಂಬುದನ್ನು ಓದಿದಳು. ಅದರಿಂದ ಏನೂ ಹಗುರವಾಗಲಿಲ್ಲ. ಬಣ್ಣ ಬದಲಾಗುತ್ತದೆಂದು ಗೊತ್ತಿರುವವನೇ ತಾನೆ, ಮರಿ ಸತ್ತರೆ ಬೆಳೆದದ್ದೊಂದನ್ನು ತಂದು ಬಿಡುವುದು? ಇಷ್ಟು ಚೆಂದದ ನೆವ ಬೇರೆ ಯಾವ ಮೀನಿನಲ್ಲೂ ಸಿಕ್ಕದು. ಓದು ಮುಗಿಸಿ ಬೇರೆ ಊರಿನ ಪಿಂಚಣಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ವಯಸ್ಸಾದವರು ವರ್ಷಕ್ಕೊಮ್ಮೆ ಹಾಕಿ ಕಳಿಸುವ ಸಹಿಯನ್ನು ಹಳೆಯ ಸಹಿಯ ಪಕ್ಕದಲ್ಲಿಟ್ಟು, ಅದೇ ಮನುಷ್ಯನೋ ಅಲ್ಲವೋ ಎಂದು ಗುರುತು ಹಾಕುವುದು ಅವಳ ಕೆಲಸ. ಭಾನುವಾರದ ಫೋನು ನಿಲ್ಲಲಿಲ್ಲ. “ಬಳೆ ಚೆನ್ನಾಗಿದೆ,” ಎನ್ನುತ್ತಿದ್ದರು ಅಪ್ಪ. “ಬಣ್ಣ ಸ್ವಲ್ಪ ಇಳಿದಿದೆ. ಬೇರೆ ಊಟ ತರಿಸ್ತಿದ್ದೀನಿ.” “ಸರಿ,” ಎನ್ನುತ್ತಿದ್ದಳು ಅವಳು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಆ ಹೆಸರು ಅವಳ ಬಾಯಲ್ಲಿ ಬರಲಿಲ್ಲ. ಕೇಳಲೇಬೇಕಾದರೆ, “ಆ ಮೀನು?” ಎನ್ನುವಳು.

*

ಹನ್ನೆರಡೂವರೆಗೆ ಚಿತಾಗಾರದಲ್ಲಿ ಸರದಿ. ಅಲ್ಲಿ ಅವರಿಗಿಂತ ಮುಂದೆ ಎರಡು ಮನೆಯವರಿದ್ದರು. ಚಿಕ್ಕಪ್ಪ ಗಡಿಯಾರ ನೋಡಿ ನೋಡಿ, “ಹೇಳಿದ ಟೈಮಿಗೆ ಒಂದು ನಿಮಿಷ ತಡ ಮಾಡಿದವನಲ್ಲ ಅಣ್ಣ. ಇವತ್ತೊಂದು ದಿನ ಕಾಯಲಿ ಬಿಡು,” ಎಂದು ನಗಲು ಹೋಗಿ, ಗೋಡೆಯ ಕಡೆ ತಿರುಗಿಕೊಂಡರು. ಮಗಳು ಅವರ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಕಬ್ಬಿಣದ ಬಾಗಿಲು ಮೇಲೆದ್ದಿತು, ಇಳಿಯಿತು. ಅಷ್ಟೇ.

ವಾಪಸು ಬರುವಾಗ ವ್ಯಾನಿನಲ್ಲಿ ಅತ್ತೆ ಅವಳ ಕೈ ಹಿಡಿದುಕೊಂಡರು.

“ಆ ವರ್ಷ ನಾನೂ ನಿಂಗೆ ಸುಳ್ಳು ಹೇಳಿದ್ದೀನಿ ಪುಟ್ಟಿ. ಅವನೊಬ್ಬನ ತಲೆಗೇ ಕಟ್ಟಬೇಡ.”

“ಈಗ ಅದೆಲ್ಲ ಯಾಕೆ ಅತ್ತೆ.”

“ಕೇಳು. ಭಾನುವಾರ ನಿನ್ನ ಹತ್ರ ಮಾತಾಡಿ ಫೋನಿಡ್ತಿದ್ನಲ್ಲ, ನೀನು ಮಲಗಿದ ಮೇಲೆ ಮತ್ತೆ ನಂಗೆ ಮಾಡ್ತಿದ್ದ. ಏನು ಕೇಳ್ತಿದ್ದ ಗೊತ್ತಾ? ‘ನಂಬಿದ್ಲಾ ಅಕ್ಕ?’ ಅಂತ. ಅಷ್ಟೇ. ‘ನಂಬಿದ್ಲು’ ಅಂದ್ರೆ, ಅಳೋನು.”

ಮಗಳು ಕಿಟಕಿಯ ಹೊರಗೆ ನೋಡಿದಳು. ಒಂದು ಪಾದರಕ್ಷೆ ಅಂಗಡಿ, ಒಂದು ಔಷಧಿ ಅಂಗಡಿ, ಮುಚ್ಚಿದ ಒಂದು ಶಾಲೆ ಹಿಂದೆ ಸರಿದವು. ಅವಳ ಕೈ ಅತ್ತೆಯ ಕೈಯಲ್ಲೇ ಇತ್ತು.

*

ಉಪ್ಪಣ್ಣ ನಾಲ್ಕಕ್ಕೆ ಸರಿಯಾಗಿ ಬಂದರು. ದಪ್ಪ ಮೈ, ಏದುಸಿರು. ಎರಡು ಬಕೆಟ್ಟುಗಳನ್ನು ಬಾಗಿಲಲ್ಲಿ ಇಳಿಸಿದರು. ಮುಚ್ಚಳವಿದ್ದ ಖಾಲಿ ಬಕೆಟ್ಟು ಮೀನಿಗೆ. ಇನ್ನೊಂದರ ತುಂಬ ಉಪ್ಪು ಕಲಸಿ ಹದ ಮಾಡಿದ ನೀರು. ಮನೆ ಬಹುತೇಕ ಖಾಲಿಯಾಗಿತ್ತು. ಶೀತಪೆಟ್ಟಿಗೆಯನ್ನು ವಾಪಸು ಒಯ್ದಿದ್ದರು. ಈಗ ಪಂಪೊಂದೇ ಗುನುಗುತ್ತಿತ್ತು.

“ನನ್ನ ಅಂಗಡೀಲಿ ದೊಡ್ಡ ಟ್ಯಾಂಕು ಖಾಲಿ ಇದೆಯಮ್ಮ. ಮಾರಲ್ಲ, ನೆಮ್ಮದಿಯಾಗಿರು. ನಿಮ್ಮಪ್ಪ ಇದನ್ನ ಸಾಕಿದ ಹಾಗೆ ಸಾಕೋಕೆ ನನ್ನ ಕೈಲಾಗಲ್ಲ, ಅದು ಬೇರೆ ಮಾತು.” ಅವರು ಗಾಜಿಗೆ ಮುಖ ತಂದರು. ಮೀನು ಕಲ್ಲಿನ ಹಿಂದಕ್ಕೆ ಸರಿಯಿತು. “ನೋಡು, ಗೊತ್ತಾಗುತ್ತೆ ಅದಕ್ಕೆ. ಇದನ್ನ ನೆಟ್‌ನಲ್ಲಿ ಹಿಡಿಯೋ ಹಾಗಿಲ್ಲ, ಕೆನ್ನೆ ಮುಳ್ಳು ಸಿಕ್ಕಿಕೊಂಡು ಗಾಯ ಆಗುತ್ತೆ. ಅಗಲ ಬಾಯಿದೊಂದು ಪ್ಲಾಸ್ಟಿಕ್ ಡಬ್ಬ ಇಟ್ಟಿರ್ತಾರೆ ನೋಡು, ಕೆಳಗಿನ ಕಪಾಟಲ್ಲಿ.”

“ಉಪ್ಪಣ್ಣ.” ಅವಳು ಕೇಳಬಾರದೆಂದುಕೊಂಡಿದ್ದಳು. “ಇದನ್ನ ನಿಮ್ಮ ಅಂಗಡಿಯಿಂದಲೇ ತಂದದ್ದಲ್ವಾ?”

“ಮರಿ ಕೊಟ್ಟಿದ್ದು ನಾನೇ. ನೆನಪಿದೆ.”

“ಆಮೇಲೆ? ದೊಡ್ಡದನ್ನೇನಾದ್ರೂ...”

ಉಪ್ಪಣ್ಣ ಬೆವರೊರೆಸಿಕೊಂಡರು. “ನನ್ನ ಹತ್ರ ತಗೊಂಡಿಲ್ಲಮ್ಮ. ಆದ್ರೆ ಊರಲ್ಲಿ ನಂದೊಂದೇ ಅಂಗಡಿ ಅಲ್ಲ. ನಿಂಗ್ಯಾಕೆ ಸುಳ್ಳು ಹೇಳ್ಲಿ, ನಂಗೆ ಗೊತ್ತಿಲ್ಲ.”

ಅವಳು ಮಂಡಿಯೂರಿ ಕಪಾಟು ತೆರೆದಳು. ಮೇಲಿನ ಅರೆಯಲ್ಲಿ ಔಷಧಿಯ ಬಾಟಲಿಗಳು, ಒಣಗಿದ ಕಡಲಪಾಚಿಯ ಪೊಟ್ಟಣ, ಪಾಚಿಯ ತುಂಡನ್ನು ಗಾಜಿಗೆ ಹಿಡಿಸುವ ಕ್ಲಿಪ್ಪು. ಕೆಳಗೆ ರಬ್ಬರ್ ಕೊಳವೆಗಳು, ಆ ಹಳೆಯ ಫ್ಲಾಸ್ಕು. ಡಬ್ಬ ಹಿಂದೆಲ್ಲೋ ಇತ್ತು. ಅದನ್ನೆಳೆದಾಗ ಅದರ ಹಿಂದಿನಿಂದ ತಗಡಿನ ಉದ್ದನೆಯ ಕೊಳವೆಯೊಂದು ಉರುಳಿ ಬಂದು ಅವಳ ಮಂಡಿಗೆ ತಾಗಿ ನಿಂತಿತು.

ನಕ್ಷೆ ಸುತ್ತಿಡುವ ಕೊಳವೆ. ಅಮ್ಮನ ಕಚೇರಿಯದು. ಮುಚ್ಚಳ ತುಕ್ಕು ಹಿಡಿದಿತ್ತು. ಸೆರಗಿನಿಂದ ಹಿಡಿದು ತಿರುಗಿಸಬೇಕಾಯಿತು.

ಒಳಗೆ ಪಾರದರ್ಶಕ ಹಾಳೆಗಳ ಸುರುಳಿ. ನೆಲದ ಮೇಲೆ ಬಿಡಿಸಿ ನಾಲ್ಕು ಮೂಲೆಗೆ ಬಾಟಲಿಗಳನ್ನಿಟ್ಟಳು. ಮೊದಲ ಹಾಳೆಯ ಮೂಲೆಯಲ್ಲಿ ತಾರೀಕು, ಅದರ ಕೆಳಗೆ ‘ಬಳೆ’. ನಕ್ಷೆಯ ಮೇಲೆ ಊರಿನ ಹೆಸರು ಬರೆಯುವ ನೆಟ್ಟನೆಯ ಅಕ್ಷರ. ಅಪ್ಪನ ಕೈಯಲ್ಲ.

ಎರಡು ಬೆರಳಗಲದ ಮೀನು. ಒಂದರೊಳಗೊಂದು ಸುತ್ತುಗಳು, ಕೂದಲೆಳೆಯಷ್ಟೂ ಅಲುಗದ ಗೆರೆ. ಬಾಲದ ಬಳಿ ಒಡೆದ ಸುತ್ತಿಗೆ ಒಂದು ಪುಟ್ಟ ಬಾಣದ ಗುರುತು. ಅವಳನ್ನು ಅತ್ತೆಯ ಮನೆಗೆ ಕಳಿಸಿದ ಮೊದಲ ಭಾನುವಾರದ ತಾರೀಕು.

ಎರಡನೆಯದರಲ್ಲೂ ಬಾಣ. ಆರನೆಯದರಲ್ಲಿ ಒಡಕು ಬೆರಳಿನ ಉಗುರಿನಷ್ಟು ಅಗಲವಾಗಿತ್ತು. ಹದಿನೈದನೆಯದರಲ್ಲಿ ಪಕ್ಕದ ಸುತ್ತೂ ಒಡೆದಿತ್ತು. ಇಪ್ಪತ್ತೆರಡಕ್ಕೆ ತುಂಡಾದ ಸುತ್ತುಗಳ ತುದಿಗಳು ಬಾಲದ ಕಡೆ ಬಾಗಿ ನೆಟ್ಟಗಾಗತೊಡಗಿದ್ದವು. ಒಂದು ಗೆರೆಯ ಪಕ್ಕದಲ್ಲಿ ‘ಇದು ಇವತ್ತು ಹಳದಿ’ ಎಂದಿತ್ತು. ಮೂವತ್ತರಲ್ಲಿ ಕಣ್ಣಿನ ಮೇಲೆ ನೆರಳಿನಂಥ ಪಟ್ಟಿ. ಪ್ರತಿ ಹಾಳೆಯೂ ಹಿಂದಿನದರ ಮೇಲೆ ಕೂತಾಗ, ಎಲ್ಲಿಯೂ ಜಿಗಿತವಿಲ್ಲ. ಒಂದು ಭಾನುವಾರವೂ ತಪ್ಪಿರಲಿಲ್ಲ.

ನಲವತ್ತರ ಆಸುಪಾಸಿನಲ್ಲಿ ಮಗಳ ಬೆರಳು ನಿಂತಿತು. ಗೆರೆ ನಡುಗಿತ್ತು. ಎಂಥ ನಡುಕವೆಂದು ಅವಳಿಗೆ ಗೊತ್ತಿತ್ತು. ಕಚೇರಿಯಲ್ಲಿ ದಿನವೂ ನೋಡುವುದು ಅದನ್ನೇ. ಪ್ರತಿ ವಾರ ಸ್ವಲ್ಪ ಸ್ವಲ್ಪವೇ ಹೆಚ್ಚುವ, ಆದರೂ ಅದೇ ಕೈ ಎಂದು ಗುರುತು ಹಾಕಬಹುದಾದ ನಡುಕ. ನಲವತ್ತಾರನೆಯ ಹಾಳೆಯಲ್ಲಿ ‘ಬಳೆ’ ಎಂಬ ಎರಡಕ್ಷರ ಜಾರಿ ಹಾಳೆಯ ಅಂಚಿಗೆ ಹೋಗಿತ್ತು. ಅವಳು ತಾರೀಕು ನೋಡಿದಳು. ಕೆಂಪು ಪೆನ್ನಿನ ಸುತ್ತು ನೆನಪಾಯಿತು. ಅಮ್ಮ ಎದ್ದು ನಾಲ್ಕು ಹೆಜ್ಜೆ ನಡೆದ ಭಾನುವಾರ ಅದು.

ಈ ಹಾಳೆಗಳನ್ನು ಅಂದೇ ತೋರಿಸಿದ್ದರೆ ಮೀನು ನಿಜವಾಗುತ್ತಿತ್ತು. ಜೊತೆಗೆ ಅಮ್ಮನ ಈ ನಡುಗುವ ಗೆರೆಗಳೂ ಕಾಣುತ್ತಿದ್ದವು.

“ಸಿಕ್ತಾ ಡಬ್ಬ?” ಉಪ್ಪಣ್ಣ ಹಿಂದಿನಿಂದ ಕೇಳಿದರು.

“ಸಿಕ್ತು.”

ಕೊನೆಯದು ಐವತ್ತೆಂಟನೆಯದು. ತಾರೀಕು ಮಾತ್ರ ಅಪ್ಪನ ಕೈಯದು. ಅಂಗೈಯಗಲದ ಹೊರಗೆರೆ ಎರಡು ಕಡೆ ಬಿಟ್ಟುಹೋಗಿತ್ತು. ಕಿವಿರಿನ ಹಿಂದಿನಿಂದ ಒಂದು ಗೆರೆ ಹೊರಟು, ಮೈಯ ಅರ್ಧಕ್ಕೆ ಬಂದು, ಒಂದು ಚುಕ್ಕೆಯಾಗಿ ನಿಂತಿತ್ತು. ಆಮೇಲೆ ಏನೂ ಇರಲಿಲ್ಲ. ಎಂಥ ಮೀನಿನ ಎಂಥ ಗೆರೆಯನ್ನಾದರೂ ಬಿಟ್ಟಲ್ಲಿಂದ ಮುಂದುವರಿಸುವುದು ಅಪ್ಪನಿಗೆ ಬರುತ್ತಿತ್ತು. ಇದನ್ನು ಮುಟ್ಟಿರಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಜೋಡಿಸುವ ಸದ್ದು, ಪಂಪಿನ ಸದ್ದು.

“ಹೊತ್ತಾಯ್ತಮ್ಮ,” ಉಪ್ಪಣ್ಣ ಮೆಲ್ಲಗೆ ಅಂದರು. “ಹಿಡೀಲಾ?”

“ಉಪ್ಪಣ್ಣ, ಇವತ್ತು ಭಾನುವಾರ ಅಲ್ವಾ?”

“ಹೌದು.”

“ಅಪ್ಪ ನೀರು ಬದಲಾಯಿಸ್ತಿದ್ದಿದ್ದು ಇವತ್ತೇ. ಆ ಬಕೆಟ್ಟಿನ ನೀರು ಇದಕ್ಕೇ ಹಾಕ್ಬಹುದಾ?”

“ಹಾಕ್ಬಹುದು. ಉಪ್ಪು ಸರಿಯಾಗೇ ಇದೆ. ಆದ್ರೆ...”

“ಹೇಗೆ ಅಂತ ತೋರಿಸಿಕೊಡಿ. ಮುಂದಿನ ಭಾನುವಾರ ಬರೋವರೆಗೆ ಊಟ ಮಾತ್ರ ನೀವು ಹಾಕಿ. ಕೀಲಿ ಪಕ್ಕದ ಮನೇಲಿರುತ್ತೆ. ಆಮೇಲೆ ನಾನು ಒಯ್ಯೋಕೆ ಏನಾದ್ರೂ ಮಾಡ್ತೀನಿ.”

ಉಪ್ಪಣ್ಣ ನೆಲದ ಮೇಲಿನ ಹಾಳೆಗಳನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದರು. ಖಾಲಿ ಬಕೆಟ್ಟಿನ ಮುಚ್ಚಳ ಹಾಕಿ ಬಾಗಿಲಾಚೆ ಇಟ್ಟು, ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಿಸತೊಡಗಿದರು.

ಮಗಳು ಕಡಲಪಾಚಿಯ ತುಂಡೊಂದನ್ನು ಕ್ಲಿಪ್ಪಿಗೆ ಸಿಕ್ಕಿಸಿ ಗಾಜಿನ ಒಳಮೈಗೆ ಹಿಡಿಸಿದಳು. ಒದ್ದೆ ಬೆರಳಿನಿಂದ ಹೊರಮೈಯನ್ನು ಸವರಿ, ಕೊನೆಯ ಹಾಳೆಯನ್ನು ಅದಕ್ಕೆ ಅಂಟಿಸಿದಳು.

ಮೀನು ಕಲ್ಲಿನ ಹಿಂದೆ ಬಹಳ ಹೊತ್ತು ನಿಂತಿತ್ತು.

“ಬಳೆ,” ಎಂದಳು.

ಅದು ತನ್ನಷ್ಟಕ್ಕೆ, ಹಸಿವಿಗೆ, ಮೆಲ್ಲಗೆ ಹೊರಬಂತು. ಗಾಜಿಗೆ ಮಗ್ಗುಲಾಗಿ ನಿಂತು ಪಾಚಿಯನ್ನು ಕಚ್ಚತೊಡಗಿತು. ಮೈ ಹಾಳೆಯ ಚಿತ್ರಕ್ಕಿಂತ ಎಷ್ಟೋ ದೊಡ್ಡದು. ಅಮ್ಮ ಎಳೆದ ಹೊರಗೆರೆ ಅದರ ಪಕ್ಕೆಯೊಳಗೇ ಕೂತಿತು. ಪಾಚಿ ಹರಿಯಲು ಮೀನು ಒಮ್ಮೆ ಹಿಂದಕ್ಕೆ ಜಗ್ಗಿತು, ಒಮ್ಮೆ ಮುಂದಕ್ಕೆ ಬಂತು. ಪೆನ್ನಿನ ನಡುಗುವ ಗೆರೆ ಚುಕ್ಕೆಯಾಗಿ ನಿಂತ ಕಡೆಯಲ್ಲಿ, ಹಾಳೆಯ ಹಿಂದಿನಿಂದ, ಮಾಸಿದ ಹಳದಿ ಗೆರೆಯೊಂದು ಬಂದು ಸೇರಿ, ಬಾಲದವರೆಗೂ ಹೋಯಿತು.